ಮೀನಿನ ಸಂತಾನೋತ್ಪತ್ತಿ: ರೋಹು ಮತ್ತು ಚಿಲಾಪಿ

‘ಮೀನು ಮಳೆಗಾಲದಲ್ಲಿ ಮೊಟ್ಟೆ ಇಡುತ್ತದೆ’ ಎಂಬ ವಾಕ್ಯ ಮಂಗಳವೇಢೆಯ ಮಕ್ಕಳಿಗೆ ಸಾಲದು. ಇದು ಮಳೆನೆರಳಿನ ಸೀಮೆ. ಸಹ್ಯಾದ್ರಿಯಲ್ಲಿ ಮಳೆ ಸುರಿದು ಉಜನಿಯ ಬಾಗಿಲು ತೆರೆದಾಗ, ಊರಿನ ಆಕಾಶ ಒಣಗಿದ್ದರೂ ಭೀಮೆ ಉಕ್ಕುತ್ತಾಳೆ. ಚಿಲಾಪಿಯ ಮರಿಗಳಾದರೋ ಬೇಸಿಗೆಯಲ್ಲಿಯೂ ಕಾಣುತ್ತವೆ. ಪಾಠವನ್ನು ಈ ಎರಡು ಸಂಗತಿಗಳಿಂದಲೇ ಆರಂಭಿಸುವುದು ಲೇಸು.

ರೋಹು, ಕಾಟ್ಲಾ, ಮೃಗಾಲ್ ಮೂಲತಃ ಉತ್ತರದ ನದಿಗಳ ಮೀನುಗಳು. ಹಗಲು ದೀರ್ಘವಾಗಿ ನೀರು ಬೆಚ್ಚಗಾಗುತ್ತಿದ್ದಂತೆ ಇವುಗಳ ಅಂಡಾಶಯ ಬೆಳೆಯತೊಡಗಿ, ಮುಂಗಾರಿನ ಹೊತ್ತಿಗೆ ಹೊಟ್ಟೆ ತುಂಬಿರುತ್ತದೆ. ಆದರೂ ಮೊಟ್ಟೆ ಹೊರಬೀಳಲು ಹೊಸನೀರಿನ ಹರಿವು ಬೇಕು. ಹೆಣ್ಣು ಇಟ್ಟ ಮೊಟ್ಟೆಗಳ ಮೇಲೆ ಗಂಡು ವೀರ್ಯ ಬಿಡುತ್ತದೆ. ಫಲೀಕರಣ ದೇಹದ ಹೊರಗೇ ನಡೆಯುತ್ತದೆ. ಒಂದು ಕಿಲೋ ತೂಕಕ್ಕೆ ಸುಮಾರು ಎರಡು ಲಕ್ಷ ಮೊಟ್ಟೆಗಳಿದ್ದರೂ ತಾಯಿಯ ಕಾವಲಿಲ್ಲ, ಬಹುಪಾಲು ನಾಶವಾಗುತ್ತವೆ. ನಿಂತ ನೀರಿನ ಕೆರೆಯಲ್ಲಿ ಈ ಮೀನು ಬಲಿಯುತ್ತದೆ, ಆದರೆ ಸಾಮಾನ್ಯವಾಗಿ ಮೊಟ್ಟೆ ಇಡುವುದಿಲ್ಲ. ಇಡದೆ ಉಳಿದ ಮೊಟ್ಟೆಗಳನ್ನು ದೇಹವೇ ಮರಳಿ ಹೀರಿಕೊಳ್ಳುತ್ತದೆ.

ಹಿಂದೆ ಮೀನುಮರಿಗಾಗಿ ಪ್ರವಾಹದ ನದಿಯಲ್ಲಿಯೇ ಬಲೆ ಹಾಕಬೇಕಾಗಿತ್ತು. ಆ ಮರಿಗಳಲ್ಲಿ ಬೇಡದ ಜಾತಿಗಳೂ ಬೆರೆತಿರುತ್ತಿದ್ದವು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಅವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ, ನಿಂತ ನೀರಿನಲ್ಲಿಯೇ ಈ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿದರು. ನದಿಯ ಹರಿವು ಮೀನಿನ ಮಿದುಳಿನ ಬುಡದ ಆ ಪುಟ್ಟ ಗ್ರಂಥಿಗೆ ಕೊಡುತ್ತಿದ್ದ ಸೂಚನೆಯ ಫಲವನ್ನು ಸೂಜಿಯೇ ತಂದಿತು. ಹಾರ್ಮೋನುಗಳ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ವಿರಳ. ಜುಲೈ 10ನ್ನು ಇಂದು ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ.

ಕರ್ನಾಟಕದಲ್ಲಿ ಜಿಲೇಬಿ ಮೀನೆಂದು ಹೆಸರಾದ ಚಿಲಾಪಿ, ಅಂದರೆ ತಿಲಾಪಿಯ, ಆಫ್ರಿಕಾ ಮೂಲದ್ದು. ಭಾರತಕ್ಕೆ ಬಂದದ್ದು 1952ರಲ್ಲಿ. ಇದು ಹರಿವಿಗಾಗಿ ಕಾಯುವುದಿಲ್ಲ. ಗಂಡು ಕೆಸರಿನಲ್ಲಿ ಕುಳಿ ತೋಡುತ್ತದೆ. ಹೆಣ್ಣು ಅಲ್ಲಿ ಇಡುವ ಮೊಟ್ಟೆಗಳು ಕೆಲವು ನೂರು ಮಾತ್ರ. ಆದರೆ ಅವನ್ನು ಬಾಯಲ್ಲಿಟ್ಟು ಕಾಯುತ್ತದೆ, ಆ ದಿನಗಳಲ್ಲಿ ಬಹುತೇಕ ಉಪವಾಸವಿರುತ್ತದೆ. ಮರಿ ಹೊರಬಂದ ಮೇಲೂ ಅಪಾಯ ಕಂಡರೆ ತಾಯಿಯ ಬಾಯಿಯೇ ಆಸರೆ. ನೀರು ಬೆಚ್ಚಗಿದ್ದರೆ ವರ್ಷದಲ್ಲಿ ಹಲವು ಸಲ ಸಂಸಾರ. ಉಜನಿಯ ಬಲೆಗಳಲ್ಲಿ ಚಿಲಾಪಿ ಹೇರಳವಾಗಿರುವುದಕ್ಕೂ, ರೋಹು ಮರಿಗಳನ್ನು ತಂದು ಬಿಡಬೇಕಾಗುವುದಕ್ಕೂ ಈ ವ್ಯತ್ಯಾಸವೇ ಮುಖ್ಯ ಕಾರಣ. ಮೀನುಗಾರರ ಮನೆಯ ಮಕ್ಕಳಿಗೆ ಇದು ಊಟದ ತಟ್ಟೆಯ ವಿಷಯ. ತರಗತಿಯಲ್ಲಿ ಮೊದಲು ಅವರ ಮಾತು ಕೇಳಬೇಕು.

ಪ್ರಯೋಗಕ್ಕೆ ಜೂನ್ ತಿಂಗಳ ಪೇಟೆಯಲ್ಲಿ ಮೊಟ್ಟೆ ತುಂಬಿದ ಮೀನು ಸಿಕ್ಕರೆ ಅದರ ಅಂಡಾಶಯವನ್ನು ತೂಗಬೇಕು. ಅದರಿಂದ ಒಂದು ಗ್ರಾಂ ತೆಗೆದು, ನೀರಿನಲ್ಲಿ ಬಿಡಿಸಿ, ಮೊಟ್ಟೆಗಳನ್ನು ಎಣಿಸಿ, ಒಟ್ಟು ತೂಕದ ಗ್ರಾಂಗಳಿಂದ ಗುಣಿಸಬೇಕು. ಒಂದೊಂದು ಗುಂಪು ಅಂಡಾಶಯದ ಬೇರೆ ಬೇರೆ ಭಾಗದಿಂದ ತೆಗೆದುಕೊಂಡರೆ ಉತ್ತರಗಳು ಒಂದೇ ಆಗುವುದಿಲ್ಲ. ಆ ವ್ಯತ್ಯಾಸವನ್ನು ಅಳಿಸದೆ ಹಲಗೆಯ ಮೇಲೆ ಹಾಗೆಯೇ ಬರೆದಿಡಬೇಕು.