ಸಭೆಯ ಮಾತು ಉಳಿಯಲಿ: ಪಂಚಾಯಿತಿ ಕಂಪ್ಯೂಟರಿನಲ್ಲಿ ವೆಚ್ಚವಿಲ್ಲದ ಧ್ವನಿಮುದ್ರಣ

ಗ್ರಾಮ ಸಭೆಯಲ್ಲಿ ವಸತಿ ಯೋಜನೆಯ ಫಲಾನುಭವಿಗಳ ಹೆಸರುಗಳನ್ನು ಓದುತ್ತಿರುವಾಗ ಹಿಂದಿನ ಸಾಲಿನಲ್ಲಿ ಕುಳಿತ ಹೆಣ್ಣುಮಗಳೊಬ್ಬರು ಎದ್ದು ಆಕ್ಷೇಪ ಹೇಳುತ್ತಾರೆ. ಗದ್ದಲದ ನಡುವೆ ಅವರ ಮಾತು ಅರ್ಧ ಕೇಳಿಸುತ್ತದೆ, ಅರ್ಧ ಕೇಳಿಸುವುದಿಲ್ಲ. ನಡಾವಳಿ ಪುಸ್ತಕದಲ್ಲಿ 'ಸಭೆಯು ಸರ್ವಾನುಮತದಿಂದ ಅನುಮೋದಿಸಿತು' ಎಂಬ ಒಂದು ಸಾಲು ದಾಖಲಾಗುತ್ತದೆ. ಆರು ತಿಂಗಳ ಬಳಿಕ ದೂರು ಬಂದಾಗ ಅಂದು ಯಾರು ಏನು ಹೇಳಿದರೆಂಬುದಕ್ಕೆ ಸಾಕ್ಷಿ ಒಬ್ಬೊಬ್ಬರ ನೆನಪು ಮಾತ್ರ. ಬರೆದವರಲ್ಲಿ ದುರುದ್ದೇಶವಿತ್ತೆಂದು ಹೇಳಬೇಕಾಗಿಲ್ಲ. ಬಾಯಿ ಆಡುವ ವೇಗದಲ್ಲಿ ಕೈ ಬರೆಯಲಾರದು.

ಇದಕ್ಕೆ ಒಂದು ಸುಲಭ ಉಪಾಯವಿದೆ. ಪಂಚಾಯಿತಿ ಕಚೇರಿಯಲ್ಲಿ ಈಗಾಗಲೇ ಇರುವ ಕಂಪ್ಯೂಟರಿನಲ್ಲಿಯೇ ಸಭೆಯ ಧ್ವನಿಯನ್ನು ಮುದ್ರಿಸಿಕೊಳ್ಳಬಹುದು. ಇದು ನಡಾವಳಿ ಪುಸ್ತಕಕ್ಕೆ ಬದಲಿಯಲ್ಲ. ನಿರ್ಣಯ ಪುಸ್ತಕದಲ್ಲಿಯೇ ಇರತಕ್ಕದ್ದು, ಸಹಿ ಅಲ್ಲಿಯೇ ಬೀಳತಕ್ಕದ್ದು. ಬರೆಯುವವರು ಮರುದಿನ ಮತ್ತೊಮ್ಮೆ ಕೇಳಿ ಬಿಟ್ಟುಹೋದ ಮಾತನ್ನು ಸೇರಿಸಿಕೊಳ್ಳಲು, ವಿವಾದ ಎದ್ದಾಗ ತಾಳೆ ನೋಡಲು ಧ್ವನಿಮುದ್ರಣ ನೆರವಾಗುತ್ತದೆ.

ಮೊದಲು ಗಮನಿಸಬೇಕಾದುದು ಮೈಕ್. ಮೇಜಿನ ಮೇಲಿನ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಒಳಗೆ ಮೈಕ್ ಇರುವುದಿಲ್ಲ, ಲ್ಯಾಪ್‌ಟಾಪಿನಲ್ಲಿ ಇರುತ್ತದೆ. ವಿಡಿಯೋ ಕಾನ್ಫರೆನ್ಸಿಗಾಗಿ ಕಚೇರಿಗೆ ಬಂದ ಹೆಡ್‌ಫೋನ್ ಅಥವಾ ವೆಬ್‌ಕ್ಯಾಮ್ ಇದ್ದರೆ ಅದರಲ್ಲಿಯೇ ಮೈಕ್ ಇರುತ್ತದೆ, ಹೊಸದನ್ನು ಕೊಳ್ಳುವ ಅಗತ್ಯವಿಲ್ಲ. ಕಂಪ್ಯೂಟರಿನಲ್ಲಿ ಗುಲಾಬಿ ಬಣ್ಣದ ತೂತು ಮೈಕಿಗೆ, ಹಸಿರು ಬಣ್ಣದ್ದು ಸ್ಪೀಕರಿಗೆ. ಒಂದನ್ನು ಇನ್ನೊಂದರಲ್ಲಿ ಚುಚ್ಚಿ ಗಂಟೆಗಟ್ಟಲೆ ಮೌನವನ್ನೇ ಮುದ್ರಿಸಿಕೊಳ್ಳುವ ಸಂಭವ ಉಂಟು. ಆದುದರಿಂದ ಸಭೆಗೆ ಮೊದಲು ಅರ್ಧ ನಿಮಿಷ ಮುದ್ರಿಸಿ, ಕೇಳಿ ನೋಡುವುದು ಕಡ್ಡಾಯವೆಂದೇ ತಿಳಿಯಬೇಕು.

ಮೈಕನ್ನು ಎಲ್ಲಿಡಬೇಕೆಂಬುದರ ಮೇಲೆಯೇ ಮುದ್ರಣದ ಗುಣ ನಿಂತಿದೆ. ಬಾಯಿಗೂ ಮೈಕಿಗೂ ಇರುವ ಅಂತರ ಎರಡರಷ್ಟಾದರೆ ನೇರವಾಗಿ ಮೈಕಿಗೆ ತಲುಪುವ ಧ್ವನಿಯ ತೀವ್ರತೆ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಸೀಲಿಂಗ್ ಫ್ಯಾನಿನ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ. ಅಧ್ಯಕ್ಷರ ಮೇಜಿನ ಮೇಲೆ ಇಟ್ಟ ಮೈಕ್ ಅಧ್ಯಕ್ಷರ ಮಾತನ್ನು ಮಾತ್ರ ಚೆನ್ನಾಗಿ ಹಿಡಿಯುತ್ತದೆ. ದೂರದಲ್ಲಿ ಕುಳಿತವರ ದನಿ, ಅಂದರೆ ನಡಾವಳಿಯಲ್ಲಿಯೂ ಹೆಚ್ಚಾಗಿ ಬಿಟ್ಟುಹೋಗುವ ದನಿಯೇ, ಇಲ್ಲಿಯೂ ಬಿಟ್ಟುಹೋಗುತ್ತದೆ. ಸಾಮಾನ್ಯ ಸಭೆಯಲ್ಲಿ ಮೈಕ್ ಮೇಜಿನ ನಡುವೆ ಇರಲಿ. ಅದರ ಕೆಳಗೆ ಮಡಿಸಿದ ಟವೆಲ್ ಹಾಕಿದರೆ ಮೇಜು ಕುಟ್ಟಿದ ಸದ್ದು, ಕಾಗದ ಎಳೆದ ಸದ್ದು ಬೀಳುವುದು ಕಡಿಮೆಯಾಗುತ್ತದೆ. ಸೆಕೆ ತಡೆಯಬಲ್ಲುದಾದರೆ ಮೇಲಿನ ಫ್ಯಾನ್ ಒಂದನ್ನು ನಿಲ್ಲಿಸಿದರೂ ಲಾಭವೇ.

ಗ್ರಾಮ ಸಭೆಯ ಸಂಗತಿ ಬೇರೆ. ಅದು ಶಾಲೆಯ ಆವರಣದಲ್ಲಿಯೋ ಸಮುದಾಯ ಭವನದಲ್ಲಿಯೋ ನಡೆಯುತ್ತದೆ, ಧ್ವನಿವರ್ಧಕ ಇರುತ್ತದೆ. ಅಲ್ಲಿ ಲ್ಯಾಪ್‌ಟಾಪನ್ನು ಧ್ವನಿವರ್ಧಕದ ಪೆಟ್ಟಿಗೆಯಿಂದ ಕೆಲವು ಅಡಿ ದೂರದಲ್ಲಿಟ್ಟು ಮುದ್ರಿಸುವುದು ಸುರಕ್ಷಿತ ಕ್ರಮ. ಆಂಪ್ಲಿಫೈಯರಿನಿಂದ ಸ್ಪೀಕರಿಗೆ ಹೋಗುವ ತಂತಿಯನ್ನು ಕಂಪ್ಯೂಟರಿನ ಮೈಕ್ ತೂತಿಗೆ ಎಂದಿಗೂ ಜೋಡಿಸಬಾರದು. ಆ ವಿದ್ಯುತ್ತನ್ನು ತಾಳಲಾರದೆ ಕಂಪ್ಯೂಟರಿನ ಧ್ವನಿಭಾಗ ಸುಟ್ಟುಹೋಗಬಹುದು. ಸಭಿಕರು ಮಾತನಾಡುವಾಗ ತಂತಿಯಿಲ್ಲದ ಮೈಕನ್ನು ಅವರ ಕೈಗೆ ಕೊಡಲು ಒಬ್ಬ ಸಿಬ್ಬಂದಿಯನ್ನು ನಿಲ್ಲಿಸಿದರೆ ಸಭೆಗೂ ಕೇಳಿಸುತ್ತದೆ, ಮುದ್ರಣಕ್ಕೂ ಸಿಗುತ್ತದೆ.

ಇನ್ನು ತಂತ್ರಾಂಶ. ವಿಂಡೋಸ್ 10 ಇರುವ ಯಂತ್ರದಲ್ಲಿ 'ವಾಯ್ಸ್ ರೆಕಾರ್ಡರ್', ವಿಂಡೋಸ್ 11ರಲ್ಲಿ 'ಸೌಂಡ್ ರೆಕಾರ್ಡರ್' ಎಂಬ ಹೆಸರಿನಲ್ಲಿ ಮುದ್ರಕ ಮೊದಲೇ ಇರುತ್ತದೆ. ಒಂದು ಗುಂಡಿ ಒತ್ತಿದರೆ ಆರಂಭ, ಇನ್ನೊಂದು ಒತ್ತಿದರೆ ಮುಕ್ತಾಯ. ಏನೂ ಮುದ್ರಣವಾಗದಿದ್ದರೆ ಸೆಟ್ಟಿಂಗ್ಸ್‌ನ ಪ್ರೈವೆಸಿ ವಿಭಾಗದಲ್ಲಿ ಮೈಕ್ರೊಫೋನ್ ಬಳಕೆಗೆ ಅನುಮತಿ ಇದೆಯೇ ಎಂದು ನೋಡಬೇಕು. ಅರ್ಧ ಗಂಟೆಯ ಸ್ಥಾಯಿ ಸಮಿತಿ ಸಭೆಗೆ ಇಷ್ಟು ಸಾಕು.

ದೀರ್ಘ ಸಭೆಗೆ ಆಡಾಸಿಟಿ ಉತ್ತಮ. 2000ರಲ್ಲಿ ಬಿಡುಗಡೆಯಾದ ಈ ತಂತ್ರಾಂಶ ಮುಕ್ತ ಪರವಾನಗಿಯದು. ವಿಂಡೋಸ್, ಲಿನಕ್ಸ್ ಎರಡರಲ್ಲಿಯೂ ನಡೆಯುತ್ತದೆ. ಇದನ್ನು ಆಡಾಸಿಟಿ ತಂಡದ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಬೇಕು. ಹಣ ಕೇಳುವ ತಾಣ ನಿಜವಾದುದಲ್ಲ. ಸ್ಟೀರಿಯೊ ಬದಲು ಮೊನೊ ಆಯ್ದರೆ ಕಡತದ ಗಾತ್ರ ಅರ್ಧವಾಗುತ್ತದೆ, ಮಾತಿಗೆ ಅಷ್ಟು ಸಾಕು. ಕೆಂಪು ದುಂಡು ಗುಂಡಿ ಒತ್ತಿದ ಮೇಲೆ ಮೇಲ್ಭಾಗದ ಅಳತೆಪಟ್ಟಿಯನ್ನು ಗಮನಿಸಬೇಕು. ಜೋರಾದ ಮಾತಿಗೂ ಪಟ್ಟಿ ಋಣ 12ರಿಂದ ಋಣ 6 ಡೆಸಿಬೆಲ್‌ಗಳ ನಡುವೆ ನಿಂತರೆ ಸರಿ. ಸೊನ್ನೆಯನ್ನು ಮುಟ್ಟಿದರೆ ಧ್ವನಿ ಒಡೆಯುತ್ತದೆ, ಒಡೆದ ಧ್ವನಿಯನ್ನು ಮತ್ತೆ ಸರಿಪಡಿಸುವುದು ಕಷ್ಟ. ವಿದ್ಯುತ್ ಹೋಗಿ ಯಂತ್ರ ನಿಂತರೂ ಆಡಾಸಿಟಿಯನ್ನು ಮತ್ತೆ ತೆರೆದಾಗ ಅಲ್ಲಿಯವರೆಗಿನ ಮುದ್ರಣ ಸಾಮಾನ್ಯವಾಗಿ ಮರಳಿ ದೊರೆಯುತ್ತದೆ. ಹಳ್ಳಿಯ ಕಚೇರಿಗೆ ಇದೊಂದೇ ಗುಣ ಸಾಕೆನ್ನಬಹುದು.

ಸಭೆಯ ಆರಂಭದಲ್ಲಿ ದಿನಾಂಕ, ಸ್ಥಳ ಮತ್ತು ಮುದ್ರಣ ನಡೆಯುತ್ತಿದೆ ಎಂಬ ಮಾತನ್ನು ಅಧ್ಯಕ್ಷರು ಗಟ್ಟಿಯಾಗಿ ಹೇಳಬೇಕು. ಜನರಿಗೆ ತಿಳಿಸದೆ ಮುದ್ರಿಸುವುದು ಸಭೆಯ ಗೌರವಕ್ಕೆ ತಕ್ಕುದಲ್ಲ. ಮಾತನಾಡುವವರು ಮೊದಲು ಹೆಸರು, ವಾರ್ಡು ಹೇಳಿದರೆ ಮುಂದೆ ಧ್ವನಿ ಯಾರದೆಂದು ಊಹಿಸಬೇಕಾಗುವುದಿಲ್ಲ.

ಉಳಿಸುವಾಗ ಎರಡು ರೂಪ ಬೇಕು. ವೇವ್ ರೂಪದಲ್ಲಿ ಒಂದು ಗಂಟೆಯ ಮೊನೊ ಮುದ್ರಣ ಸುಮಾರು 317 ಎಂಬಿ ಆಗುತ್ತದೆ, ಅದು ಮೂಲಪ್ರತಿ. ಎಂಪಿ3 ರೂಪದಲ್ಲಿ ಸೆಕೆಂಡಿಗೆ 64 ಕಿಲೋಬಿಟ್ ದರದಲ್ಲಿ ಅದೇ ಒಂದು ಗಂಟೆ 29 ಎಂಬಿಯಷ್ಟಕ್ಕೆ ಇಳಿಯುತ್ತದೆ. ಕೇಳಲು, ಕಳುಹಿಸಲು ಇದು ಅನುಕೂಲ. ಫ್ಯಾನಿನ ಸದ್ದು ತಗ್ಗಿಸುವ ಸೌಲಭ್ಯ ಆಡಾಸಿಟಿಯಲ್ಲಿದೆ. ಯಾರೂ ಮಾತನಾಡದ ಎರಡು ಮೂರು ಸೆಕೆಂಡುಗಳ ಭಾಗವನ್ನು ಆಯ್ದು ತೋರಿಸಿದರೆ ಆ ಬಗೆಯ ಸದ್ದನ್ನು ಇಡೀ ಮುದ್ರಣದಿಂದ ತಗ್ಗಿಸುತ್ತದೆ. ಆದರೆ ಈ ಕೆಲಸವನ್ನು ನಕಲಿನ ಮೇಲೆ ಮಾತ್ರ ಮಾಡತಕ್ಕದ್ದು. ಮೂಲಪ್ರತಿಯಲ್ಲಿ ಒಂದು ಕೆಮ್ಮನ್ನು ಕತ್ತರಿಸಿದರೂ ನಾಳೆ ಮಾತನ್ನೂ ಕತ್ತರಿಸಿರಬಹುದೆಂಬ ಸಂಶಯಕ್ಕೆ ಅವಕಾಶವಾಗುತ್ತದೆ.

ಕಡತಕ್ಕೆ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಹೆಸರಿಟ್ಟರೆ ಕಂಪ್ಯೂಟರು ತಾನಾಗಿಯೇ ಕಾಲಾನುಕ್ರಮದಲ್ಲಿ ಜೋಡಿಸುತ್ತದೆ. ಒಂದು ಪ್ರತಿ ಯಂತ್ರದಲ್ಲಿ, ಇನ್ನೊಂದು ಬೀರುವಿನಲ್ಲಿಟ್ಟ ಪ್ರತ್ಯೇಕ ಹಾರ್ಡ್ ಡಿಸ್ಕಿನಲ್ಲಿ ಇರಬೇಕು. ಮಾಹಿತಿ ಹಕ್ಕು ಅಧಿನಿಯಮ 2005ರ ಪ್ರಕಾರ ವಿದ್ಯುನ್ಮಾನ ರೂಪದಲ್ಲಿರುವುದೂ ಮಾಹಿತಿಯೇ. ಕಚೇರಿ ಇಟ್ಟುಕೊಂಡ ಮುದ್ರಣವನ್ನು ನಾಗರಿಕರು ಕೇಳಬಹುದು. ಆದುದರಿಂದ ಯಾವ ಸಭೆಯ ಮುದ್ರಣ ಯಾವ ಕಡತದಲ್ಲಿದೆ, ಯಾರು ಮುದ್ರಿಸಿದರು, ಎಷ್ಟು ನಿಮಿಷ ಎಂಬುದನ್ನು ನಡಾವಳಿಯ ಕೊನೆಗೆ ಒಂದು ಸಾಲಿನಲ್ಲಿ ಬರೆದಿಡಬೇಕು. ಡಾಟಾ ಎಂಟ್ರಿ ಆಪರೇಟರ್ ಬದಲಾದಾಗ ಹೊಸಬರು ಹುಡುಕಬೇಕಾದ ಮೊದಲ ಸಾಲು ಅದೇ.