ಮಾತ್ರೆ ಬಿಟ್ಟೊಡನೆ ಹುಣ್ಣು ಮರಳುವುದೇಕೆ?

ಪ್ರಶ್ನೆ: ನಾನು ನಾಸಿಕದಲ್ಲಿರುವ ಕನ್ನಡಿಗ. ಸಣ್ಣಕರುಳಿನ ಆರಂಭದಲ್ಲಿ ಅಲ್ಸರ್ ಆಗಿತ್ತು. 6 ವಾರ ಪ್ಯಾಂಟೊಪ್ರಜೋಲ್ ನುಂಗಿದೆ, ಖಾರದ ಮಿಸಳ್ ತಿನ್ನುವುದನ್ನೂ ಬಿಟ್ಟೆ. ವಾಸಿಯಾಯಿತು ಅಂದುಕೊಂಡರೆ 4 ತಿಂಗಳಿಗೆ ಅದೇ ನೋವು. ಮತ್ತೆ ಮಾತ್ರೆ ಶುರು ಮಾಡಿದ್ದೇನೆ. ಈಗ ಛತ್ರಪತಿ ಸಂಭಾಜಿನಗರದ ವೈದ್ಯರು, 2 ವಾರ ಮಾತ್ರೆ ನಿಲ್ಲಿಸಿ ಎಂಡೋಸ್ಕೋಪಿಗೆ ಬನ್ನಿ ಎನ್ನುತ್ತಾರೆ. ನೋವಿರುವಾಗಲೇ ಮಾತ್ರೆ ಬಿಡಿಸುವುದೇಕೆ?

ಉತ್ತರ: ವೈದ್ಯರು ಹುಣ್ಣಿನ ಬೇರು ಹುಡುಕುತ್ತಿದ್ದಾರೆ. ನಿಮ್ಮ ಮಾತ್ರೆ ಜಠರದಲ್ಲಿ ಆಮ್ಲ ಸುರಿಸುವ ಪಂಪುಗಳನ್ನು ತಡೆಯುತ್ತದೆ. ಆಮ್ಲ ತಗ್ಗಿದರೆ ಹುಣ್ಣು ಸಾಮಾನ್ಯವಾಗಿ 4ರಿಂದ 8 ವಾರಗಳಲ್ಲಿ ಮಾಯುತ್ತದೆ. ಆದರೆ ಹುಣ್ಣಿಗೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಕಾರಣವಾಗಿದ್ದರೆ, ಅದು ಈ ಮಾತ್ರೆಯೊಂದಕ್ಕೇ ಸಾಯುವುದಿಲ್ಲ. ಖಾರ ಉರಿಯನ್ನು ಕೆರಳಿಸಬಹುದು, ಅಷ್ಟೆ. ಮಿಸಳ್ ಮೇಲೆ ತಪ್ಪು ಹೊರಿಸಬೇಡಿ.

ಎಂಡೋಸ್ಕೋಪಿಯಲ್ಲಿ ಜಠರದ ಒಳಪೊರೆಯಿಂದ ಎಳ್ಳುಕಾಳಿನಷ್ಟು ಚೂರು ಚಿವುಟಿ, ಯೂರಿಯಾ ಬೆರೆತ ಹಳದಿ ಜೆಲ್ಲಿನೊಳಗೆ ಇಡುತ್ತಾರೆ. ಬ್ಯಾಕ್ಟೀರಿಯಾ ಇದ್ದರೆ ಯೂರಿಯಾ ಒಡೆದು ಅಮೋನಿಯಾ ಆಗುತ್ತದೆ, ಹಳದಿ ಗುಲಾಬಿಗೆ ತಿರುಗುತ್ತದೆ. ಮಾತ್ರೆ ನುಂಗುತ್ತಿರುವವರಲ್ಲಿ ಬ್ಯಾಕ್ಟೀರಿಯಾ ಕಡಿಮೆಯಾಗಿ ಜೆಲ್ ಹಳದಿಯಾಗಿಯೇ ಉಳಿದುಬಿಡಬಹುದು. ಆ ಸುಳ್ಳು ಫಲಿತಾಂಶ ತಪ್ಪಿಸಲು ಈ 2 ವಾರ. ಆಂಟಿಬಯೋಟಿಕ್ ತೆಗೆದುಕೊಂಡಿದ್ದರೆ 4 ವಾರ ಕಾಯಬೇಕು. ನಡುವೆ ಉರಿಯಾದರೆ ಆಂಟಾಸಿಡ್ ಸಿರಪ್ಪಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ, ವೈದ್ಯರನ್ನೇ ಕೇಳಿ.

1950ರ ದಶಕದಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ ಸರ್ಜನ್ ಆಗಿದ್ದ ಫ್ರಾಂಕ್ ಟೋವಿ ಅವರ ಕಾಲಕ್ಕೆ, ಪಟ್ಟುಬಿಡದ ಹುಣ್ಣಿಗೆ ಹೊಟ್ಟೆ ಕೊಯ್ಯುವುದೇ ದಾರಿ. 1976ರಲ್ಲಿ ಸಿಮೆಟಿಡೀನ್ ಮಾರುಕಟ್ಟೆಗೆ ಬಂದ ಮೇಲೆ ಶಸ್ತ್ರಚಿಕಿತ್ಸೆ ಕಡಿಮೆಯಾಯಿತು. ಮಾತ್ರೆ ಬಿಟ್ಟರೆ ಹುಣ್ಣು ಮರಳುವ ಕಾಟ ಮಾತ್ರ ತಪ್ಪಲಿಲ್ಲ. ಈ ಬ್ಯಾಕ್ಟೀರಿಯಾವನ್ನು ಪತ್ತೆಹಚ್ಚಿ ಅದರ ಗುಟ್ಟು ಬಿಡಿಸಿದವರು ಆಸ್ಟ್ರೇಲಿಯಾದ ವಾರೆನ್ ಮತ್ತು ಮಾರ್ಷಲ್. 2005ರ ನೊಬೆಲ್ ಅವರಿಗೆ ಸಂದಿತು.

ಬ್ಯಾಕ್ಟೀರಿಯಾ ಸಿಕ್ಕರೆ ಸಾಮಾನ್ಯವಾಗಿ 14 ದಿನ ಆಂಟಿಬಯೋಟಿಕ್‌ಗಳ ಜೊತೆ ಇದೇ ಆಮ್ಲದ ಮಾತ್ರೆಯನ್ನು ದಿನಕ್ಕೆರಡು ಸಲ ಕೊಡುತ್ತಾರೆ. ಅದನ್ನು ಊಟ-ತಿಂಡಿಗೆ ಅರ್ಧ ಗಂಟೆ ಮೊದಲು ನುಂಗಿ. ನೋವು ಹೋಯಿತೆಂದು ನಡುವೆ ಬಿಡಬೇಡಿ. ಕೋರ್ಸ್ ಮುಗಿದು 4 ವಾರವಾದ ಮೇಲೆ ಬ್ಯಾಕ್ಟೀರಿಯಾ ಹೋಗಿದೆಯೇ ಎಂದು ಮತ್ತೆ ಪರೀಕ್ಷಿಸಿಕೊಳ್ಳಿ.

ಮೊದಲೊಮ್ಮೆ ರಕ್ತಸ್ರಾವವಾಗಿದ್ದರೆ, ಆಸ್ಪಿರಿನ್ ಅಥವಾ ಡೈಕ್ಲೋಫೆನಾಕ್‌ನಂಥ ನೋವಿನ ಗುಳಿಗೆ ನುಂಗುತ್ತಿದ್ದರೆ, ಮಾತ್ರೆ ಬಿಡುವ ಮೊದಲೇ ವೈದ್ಯರಿಗೆ ಹೇಳಿ. ಮಲ ಡಾಂಬರಿನಂತೆ ಕಪ್ಪಾದರೆ ಅಥವಾ ವಾಂತಿಯಲ್ಲಿ ರಕ್ತ ಕಂಡರೆ ಆ 2 ವಾರ ಮುಗಿಯಲೆಂದು ಕಾಯಬೇಡಿ. ಅಂದೇ ಆಸ್ಪತ್ರೆಗೆ ಹೋಗಿ.