ಲೇಸರ್ ನಿಂತ ಮೇಲೆ

ಲೇಸರ್‌ನಲ್ಲಿ ಕೆತ್ತಿದ ಮರ ಕಣ್ಣಿಗೆ ಶುದ್ಧವಾಗಿ ಕಂಡರೆ ಸಾಲದು, ಮುಟ್ಟಿದಾಗಲೂ ಶುದ್ಧವಾಗಿರಬೇಕು. ಮನೆಯ ಹೆಸರಿನ ಫಲಕ, ಫೋಟೋ ಫ್ರೇಮು ಮಾಡುವವರನ್ನು ಈ ಮಾತು ಅಷ್ಟಾಗಿ ಕಾಡುವುದಿಲ್ಲ. ಒಮ್ಮೆ ಗೋಡೆಗೇರಿದ ಫಲಕವನ್ನು ದಿನಾ ಯಾರು ಉಜ್ಜುತ್ತಾರೆ? ಬನಿಯನ್, ಟೀ ಶರ್ಟುಗಳ ಊರಾದ ತಿರುಪ್ಪೂರಿಗೆ ಮಾಲು ಕೊಡುವವರ ಪಾಡು ಬೇರೆ. ಅಲ್ಲಿಂದ ಬರುವ ಆರ್ಡರುಗಳೆಂದರೆ ಮರದ ಗುಂಡಿ, ಟೀ ಶರ್ಟಿಗೆ ಕಟ್ಟುವ ಮರದ ಟ್ಯಾಗು, ಮಕ್ಕಳ ಬಟ್ಟೆ ಇಟ್ಟು ಕಳಿಸುವ ಪುಟ್ಟ ಪೆಟ್ಟಿಗೆ. ಎಲ್ಲವೂ ಕೊನೆಗೆ ಹೋಗಿ ಕೂರುವುದು ಬಿಳಿ ಬಟ್ಟೆಯ ಮಗ್ಗುಲಲ್ಲೇ. ಟ್ಯಾಗಿನ ಅಂಚಿನಿಂದ ಒಂದು ಗೆರೆಯಷ್ಟು ಮಸಿ ತಗುಲಿದರೂ ಆ ಪೀಸು ರಿಜೆಕ್ಟ್. “ಅಣ್ಣಾ, ಕರಿ ಒಟ್ಟುದು” (ಮಸಿ ಅಂಟುತ್ತಿದೆ) ಎಂದು ಅಲ್ಲಿನ ಮರ್ಚಂಡೈಸರ್ ಫೋನಿನಲ್ಲಿ ಹೇಳಿದರೆ ಇಡೀ ಪೆಟ್ಟಿಗೆ ಮರುದಿನ ಬಸ್ಸಿನಲ್ಲಿ ವಾಪಸು ಬಂತೆಂದೇ ಲೆಕ್ಕ.

ನಾನು ಕೊಯಮತ್ತೂರಿನವನು. ನಮ್ಮದು ನೇಕಾರ ದೇವಾಂಗರ ಮನೆ. ಒಳಗೆ ಕನ್ನಡ, ಬೀದಿಗಿಳಿದರೆ ತಮಿಳು. ಸಿರುಮುಗೈಯಲ್ಲಿ ನೆಂಟರ ಮಗ್ಗಗಳಲ್ಲಿ ಈಗಲೂ ರೇಷ್ಮೆ ಸೀರೆ ಇಳಿಯುತ್ತದೆ. ನಾನು ಮಾತ್ರ ಊರಿನ ಗಣಪತಿ ಬಡಾವಣೆಯ ಕಡೆ, ಲೇತು ಅಂಗಡಿಗಳ ನಡುವಿನ ಶೆಡ್ಡೊಂದರಲ್ಲಿ ಲೇಸರ್ ಮೆಷಿನ್ ಇಟ್ಟುಕೊಂಡು ಕೂತಿದ್ದೇನೆ. ಮರವನ್ನು ಹೇಗೆ ಪರೀಕ್ಷಿಸಬೇಕೆಂದು ಕಲಿತದ್ದು ಬಡಗಿಗಳಿಂದಲ್ಲ, ಬಟ್ಟೆಯವರಿಂದ.

ಬಣ್ಣದ ಬಟ್ಟೆಯನ್ನು ಉಜ್ಜಿದರೆ ಬಣ್ಣ ಬಿಡುತ್ತದೆಯೇ ಎಂದು ನೋಡಲು ಬಟ್ಟೆ ಲ್ಯಾಬುಗಳಲ್ಲಿ ಕ್ರಾಕ್‌ಮೀಟರ್ ಇರುತ್ತದೆ. ಐಎಸ್‌ಒ 105-ಎಕ್ಸ್12 ಎನ್ನುವ ಪರೀಕ್ಷೆ ಅದು. 16 ಮಿಲಿಮೀಟರ್ ಅಗಲದ ಕಡ್ಡಿಯ ತುದಿಗೆ ಬಿಳಿ ಹತ್ತಿ ಬಟ್ಟೆ ಬಿಗಿದು, 9 ನ್ಯೂಟನ್ ಬಲದಲ್ಲಿ, ಅಂದರೆ ಸುಮಾರು 900 ಗ್ರಾಂ ಭಾರ ಹೇರಿದಷ್ಟು ಒತ್ತಿ, ಹತ್ತು ಸಲ ಹಿಂದಕ್ಕೂ ಮುಂದಕ್ಕೂ ಉಜ್ಜುತ್ತಾರೆ. ಒಮ್ಮೆ ಒಣ ಬಟ್ಟೆಯಲ್ಲಿ, ಇನ್ನೊಮ್ಮೆ ಒದ್ದೆ ಬಟ್ಟೆಯಲ್ಲಿ. ಹತ್ತಿದ ಕಲೆಯನ್ನು ಗ್ರೇ ಸ್ಕೇಲಿನ ಪಕ್ಕ ಹಿಡಿದು 1ರಿಂದ 5ರವರೆಗೆ ಅಂಕ ಕೊಡುತ್ತಾರೆ; 5 ಎಂದರೆ ಕಲೆಯೇ ಇಲ್ಲ. ನನ್ನ ಬಳಿ ಆ ಯಂತ್ರವಿಲ್ಲ. ಆದರೆ ತಿರುಪ್ಪೂರಿನಿಂದ ಊರೂರ ವರ್ಕ್‌ಶಾಪುಗಳಿಗೆ ಹೋಗುವ ಬನಿಯನ್ ವೇಸ್ಟು ಇದೆ, ಬೆರಳಿದೆ. ಬಿಳಿ ತುಂಡೊಂದನ್ನು ತೋರುಬೆರಳಿಗೆ ಸುತ್ತಿ, ಕೆತ್ತನೆಯ ಮೇಲೂ ಅಂಚಿನ ಮೇಲೂ ಹತ್ತು ಸಲ ಎಳೆಯುತ್ತೇನೆ. ಒಣಗಿನಲ್ಲಿ ಪಾಸಾದರೆ ಒದ್ದೆಯಲ್ಲಿ. ಬಟ್ಟೆ ಬೆಳ್ಳಗೆ ಉಳಿದರೆ ಮಾಲು ಹೊರಡುತ್ತದೆ. ಎಷ್ಟು ಒರೆಸಿದರೆ ಸಾಕು ಎಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಸಿಕ್ಕಿಲ್ಲ.

ಮರಕ್ಕೆ ಹತ್ತುವ ಕೊಳೆ ಒಂದಲ್ಲ, ಎರಡು ಬಗೆ. ಇದನ್ನು ಬಿಡಿಸಿಕೊಳ್ಳದೆ ಒರೆಸಲು ಕೂತರೆ ಕೆಲಸ ದುಪ್ಪಟ್ಟಾಗುತ್ತದೆ. ನನ್ನ ಮೆಷಿನ್ ಇಂಗಾಲದ ಡೈಆಕ್ಸೈಡ್ ಲೇಸರ್‌ನದು. ಬಾರಾಮತಿಯಲ್ಲಿ ಹುಟ್ಟಿ ಅಮೆರಿಕದ ಬೆಲ್ ಲ್ಯಾಬ್ಸ್ ಸೇರಿದ ಕುಮಾರ್ ಪಟೇಲ್ 1964ರಲ್ಲಿ ರೂಪಿಸಿದ ಬಗೆ. ಅದರ 10.6 ಮೈಕ್ರೋಮೀಟರ್ ಕಿರಣವನ್ನು ಮರ ಗಬಕ್ಕನೆ ಹೀರಿಕೊಂಡು, ಕಿರಣ ಬಿದ್ದ ಜಾಗದಲ್ಲಿ ಸುಟ್ಟು ಆವಿಯಾಗುತ್ತದೆ. ಪೂರ್ತಿ ಸುಡದೆ ಉಳಿದದ್ದು ಇದ್ದಿಲು, ಬೂದಿ; ಕೆತ್ತನೆಯ ತಗ್ಗಿನಲ್ಲಿ ಸಡಿಲವಾಗಿ ಕೂತಿರುತ್ತದೆ. ಇದು ಮೊದಲನೆಯದು. ಹೊಗೆಯ ಜೊತೆ ಮೇಲೆದ್ದ ಆವಿ ಪಕ್ಕದ ತಣ್ಣನೆಯ ಮರದ ಮೇಲೆ ಇಳಿದು ಕಂದು ಬಣ್ಣದ ಅಂಟಾಗಿ ಕೂರುತ್ತದೆ. ಸೌದೆ ಒಲೆಯ ಅಡುಗೆಮನೆಯ ಗೋಡೆ ಕಂಡವರಿಗೆ ಆ ಜಿಡ್ಡಿನ ಗುರುತು ಹೇಳಬೇಕಿಲ್ಲ. ಇದು ಎರಡನೆಯದು. ಮೊದಲನೆಯದಕ್ಕೆ ಬ್ರಷ್ಷು ಸಾಕು, ಎರಡನೆಯದಕ್ಕೆ ಸ್ಪಿರಿಟ್ ಬೇಕು. ಬೂದಿ ತೆಗೆಯುವ ಮುಂಚೆಯೇ ಸ್ಪಿರಿಟ್ ಸುರಿದರೆ ಕರಿಯೆಲ್ಲ ಕರಗಿದ ಅಂಟಿನ ಜೊತೆ ಬೆರೆತು ಮರದ ರಂಧ್ರಕ್ಕಿಳಿಯುತ್ತದೆ. ಆಮೇಲೆ ಅದನ್ನು ಹೊರಗೆಳೆಯಲು ಬ್ರಹ್ಮ ಬಂದರೂ ಆಗದು.

ಹಾಗಾಗಿ ಮೊದಲು ಒಣಗಿನಲ್ಲೇ. ವ್ಯಾಕ್ಯೂಮ್ ಕ್ಲೀನರಿನ ಬಾಯಿಯನ್ನು ಪಕ್ಕದಲ್ಲೇ ಹಿಡಿದು, ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮರದ ಎಳೆಯ ಉದ್ದಕ್ಕೆ ಉಜ್ಜುತ್ತೇನೆ. ಬಾಯಿಂದ ಊದುವುದಾಗಲಿ ಕಂಪ್ರೆಸರಿನ ಗಾಳಿ ಬಿಡುವುದಾಗಲಿ ನನಗೆ ಹಿಡಿಸದು. ಬೂದಿ ಎದ್ದು ಪಕ್ಕದ ಪೀಸಿನ ಮೇಲೆ ಕೂರುತ್ತದೆ, ಉಳಿದದ್ದು ನಮ್ಮ ಎದೆಗೆ. ಅದರಲ್ಲೂ ಎಂಡಿಎಫ್ ಹಲಗೆಯಾದರೆ ಮಾಸ್ಕ್ ಇಲ್ಲದೆ ಕೂರಲೇಬಾರದು, ಅದರ ನಾರನ್ನು ಹಿಡಿದಿಟ್ಟಿರುವುದು ಫಾರ್ಮಾಲ್ಡಿಹೈಡ್ ಇರುವ ಅಂಟು. ನಮ್ಮ ದೇವಾಂಗರ ಚೌಡೇಶ್ವರಿ ಗುಡಿಯ ನೆನಪಿನ ಫಲಕಗಳಿಗೆ ಕನ್ನಡ ಅಕ್ಷರ ಕೆತ್ತುವಾಗ ಬ್ರಷ್ಷಿನ ಕೆಲಸ ಇನ್ನೂ ಹೆಚ್ಚು. ಠ, ಣ, ಷಗಳ ಹೊಟ್ಟೆಯಲ್ಲಿ, ಒತ್ತಕ್ಷರದ ಸುಳಿಯಲ್ಲಿ ಬೂದಿ ಅಡಗಿ ಕೂರುತ್ತದೆ. ಇಂಗ್ಲಿಷಿನ ನೆಟ್ಟನೆಯ ಅಕ್ಷರಗಳಿಗೆ ಈ ಉಪದ್ರವ ಕಡಿಮೆ.

ಆಮೇಲೆ ಸ್ಪಿರಿಟ್. ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೊಹಾಲ್, ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಬಡಗಿಗಳ ಪಾಲಿಶ್ ಸ್ಪಿರಿಟ್ಟೂ ಆಗುತ್ತದೆ. ಬಟ್ಟೆಯನ್ನು ತೇವ ಮಾಡಬೇಕು, ತೊಟ್ಟಿಕ್ಕಬಾರದು. ಕೆತ್ತನೆಯಿಂದ ಹೊರಕ್ಕೆ ಒಂದೇ ದಿಕ್ಕಿನಲ್ಲಿ ಎಳೆದು, ಪ್ರತಿ ಎಳೆತಕ್ಕೂ ಬಟ್ಟೆಯ ಹೊಸ ಜಾಗ ತಿರುಗಿಸಿಕೊಳ್ಳಬೇಕು. ಗಿರಗಿರ ಉಜ್ಜಿದರೆ ಕಲೆ ಹರಡುತ್ತದೆ, ಅಷ್ಟೆ. ನೀರನ್ನು ಆದಷ್ಟು ದೂರ ಇಡುತ್ತೇನೆ. ನೀರು ಕುಡಿದ ಮರ ಎಳೆ ಎಬ್ಬಿಸಿ ತರಿತರಿಯಾಗುತ್ತದೆ, ಎಂಡಿಎಫ್ ಉಬ್ಬಿಯೇ ಹೋಗುತ್ತದೆ. ಇನ್ನೊಂದು ಮಾತು: ಐಪಿಎಯ ಆವಿ 12 ಡಿಗ್ರಿಯ ಆಸುಪಾಸಿನಲ್ಲೇ ಕಿಡಿ ಸಿಕ್ಕರೆ ಹತ್ತಿಕೊಳ್ಳುತ್ತದೆ. ಕೊಯಮತ್ತೂರಿನ ಚಳಿಗಾಲದ ಬೆಳಗ್ಗೆಯೂ ಅದಕ್ಕಿಂತ ಬೆಚ್ಚಗಿರುವುದೇ ಹೆಚ್ಚು. ಪ್ಲೈವುಡ್ಡಿನ ಅಂಚಿನಲ್ಲಿ ಕೆಂಡ ಕಣ್ಣಿಗೆ ಕಾಣದಂತೆ ಉಳಿದಿರಬಹುದು. ಪೀಸು ಪೂರ್ತಿ ತಣ್ಣಗಾಗುವ ತನಕ, ಮೆಷಿನ್ನಿನ ಪಕ್ಕದಲ್ಲಿ, ಸ್ಪಿರಿಟ್ ಬಾಟಲಿಯ ಮುಚ್ಚಳ ತೆರೆಯುವಂತಿಲ್ಲ.

ಮರ ನೋಡಿ ಔಷಧಿ. ಮೇಟ್ಟುಪಾಳಯದ ಸುತ್ತ ಈಗ ರೈತರು ಬೆಳೆಯುವ ಹೆಬ್ಬೇವಿನ ಪ್ಲೈ ಬೆಳ್ಳಗೆ, ಹಗುರ. ಹೊಗೆಯ ಕಲೆ ಎದ್ದು ಕಾಣುತ್ತದೆ, ಆದರೆ ಬೇಗ ಬಿಡುತ್ತದೆ. ತೇಗದ ರಂಧ್ರ ದೊಡ್ಡದು, ಬೂದಿ ಒಳಗೆ ಇಳಿಯುತ್ತದೆ. ಬೀಟೆಗೆ ಸ್ಪಿರಿಟ್ ಸೋಕಿಸಿದರೆ ಮರದ ಸ್ವಂತ ಬಣ್ಣವೇ ಕರಗಿ ಬರುತ್ತದೆ. ಪಕ್ಕದಲ್ಲಿ ಬಿಳಿ ಮರ ಕೂಡಿಸಿದ್ದರೆ ಅದು ನೇರಳೆಗೆ ತಿರುಗಿತೆಂದೇ ಲೆಕ್ಕ. ಅಂಥ ಕಡೆ ಒಣ ಬ್ರಷ್ಷು, 320ರ ಸ್ಯಾಂಡ್‌ಪೇಪರ್, ಇಷ್ಟೇ. ಮರಮರಕ್ಕೂ ರಂಧ್ರ ಹೇಗೆ ಬೇರೆ ಎಂದು ನೋಡಬೇಕಾದವರು ನಮ್ಮೂರಿನಲ್ಲಿ ಗ್ಯಾಸ್ ಎಂಬವರ ಹೆಸರಿನಲ್ಲಿರುವ ಅರಣ್ಯ ಮ್ಯೂಸಿಯಮ್ಮಿಗೆ ಹೋಗಬಹುದು. 1902ರಿಂದ ಇರುವ ಮ್ಯೂಸಿಯಂ ಅದು, ಊರಿನವರೇ ಮರೆತಂತಿದೆ.

ಇಷ್ಟೆಲ್ಲ ಹೇಳಿದರೂ, ಒರೆಸುವ ಕೆಲಸದ ಮುಕ್ಕಾಲು ಪಾಲು ಮೆಷಿನ್ ಓಡುವ ಮೊದಲೇ ತೀರ್ಮಾನವಾಗಿರುತ್ತದೆ. ಹೊಗೆ ಎಳೆಯುವ ಫ್ಯಾನು ಹಿಂದುಗಡೆ ಇದ್ದರೆ ಕೆತ್ತನೆ ಮುಂದಿನಿಂದ ಹಿಂದಕ್ಕೆ ಸಾಗಬೇಕು. ಆಗ ಹೊಗೆ ಹಾಯುವುದು ಇನ್ನೂ ಕೆತ್ತದ ಜಾಗದ ಮೇಲೆ. ಅಲ್ಲಿ ಕೂತ ಜಿಡ್ಡನ್ನು ಹಿಂದೆಯೇ ಬರುವ ಕಿರಣ ಸುಟ್ಟುಹಾಕುತ್ತದೆ. ತಿರುಗಾಮುರುಗಾ ಓಡಿಸಿದರೆ ಆಗಷ್ಟೇ ಕೆತ್ತಿದ ತಗ್ಗಿಗೇ ಜಿಡ್ಡು ಬಳಿಯುತ್ತದೆ. ಸಾಫ್ಟ್‌ವೇರಿನಲ್ಲಿ ಒಂದು ಗುರುತು ಬದಲಿಸಿದರೆ ಆಗುವ ಕೆಲಸ, ಆದರೂ ಬಹಳ ಅಂಗಡಿಗಳಲ್ಲಿ ಯಾರೂ ಮುಟ್ಟುವುದಿಲ್ಲ. ಗಾಳಿಯೂ ಹಾಗೆಯೇ: ಕತ್ತರಿಸುವಾಗ ಜೋರಾಗಿ ಬೇಕು, ಕೆತ್ತುವಾಗ ಮೆಲ್ಲಗೆ. ಜೋರು ಗಾಳಿ ಹೊಗೆಯನ್ನು ಮರದೊಳಕ್ಕೇ ಒತ್ತುತ್ತದೆ.

ಟ್ಯಾಗುಗಳ ಶೀಟಿಗೆ ಮೊದಲೇ ಅಗಲದ ಕಾಗದದ ಮಾಸ್ಕಿಂಗ್ ಟೇಪ್ ಅಂಟಿಸಿ, ಅದರ ಮೇಲಿಂದಲೇ ಕೆತ್ತುತ್ತೇವೆ. ಹೊಗೆಯ ಕಲೆ ಟೇಪಿನ ಮೇಲೆ ಬೀಳುತ್ತದೆ, ಕಿತ್ತರೆ ಕೆಳಗಿನ ಮರ ಹೊಸತು. ಕೀಳುವುದೇ ತಾಪತ್ರಯ: ಒಂದೊಂದು ಅಕ್ಷರದ ನಡುವೆ ಅಕ್ಕಿಕಾಳಿನಷ್ಟು ತುಂಡುಗಳು. ಉಗುರಿನಿಂದ ಕೀಳುತ್ತ ಕೂತರೆ ದಿನ ಕಳೆಯುತ್ತದೆ. ಪ್ಯಾಕಿಂಗ್ ಟೇಪನ್ನು ಮೇಲೆ ಒತ್ತಿ ಒಂದೇ ಸಲ ಎಳೆದರೆ ಹೆಚ್ಚಿನವು ಒಟ್ಟಿಗೆ ಬರುತ್ತವೆ. ಅದೇ ದಿನ ಕೀಳಬೇಕು, ತಡಮಾಡಿದರೆ ಟೇಪಿನ ಅಂಟು ಮರದಲ್ಲೇ ಉಳಿಯುತ್ತದೆ. ಫೋಟೋ ಕೆತ್ತಲು ಮಾತ್ರ ಟೇಪು ಬೇಡ, ಕಪ್ಪು ಬಿಳುಪಿನ ಹದ ಕೆಡುತ್ತದೆ. ಅದಕ್ಕೆ ಮೊದಲೇ ತೆಳ್ಳಗೆ ಒಂದು ಕೋಟು ಸೀಲರ್ ಹೊಡೆದಿಟ್ಟರೆ ಜಿಡ್ಡು ಮರಕ್ಕಿಳಿಯದೆ ಮೇಲೆಯೇ ನಿಲ್ಲುತ್ತದೆ.

ಅಂಚಿನ ಕರಿಯನ್ನು ಒರೆಸಿಯೇ ಕಳೆಯುತ್ತೇನೆಂದು ಹೊರಟರೆ ಬನಿಯನ್ ವೇಸ್ಟು ಮೂಟೆಗಟ್ಟಲೆ ಬೇಕು. ಅದು ಕೊಳೆಯಲ್ಲ, ಮರವೇ ಇದ್ದಿಲಾಗಿರುವುದು. ಸ್ಯಾಂಡ್‌ಪೇಪರಿನಿಂದ ಕೆರೆದು ತೆಗೆಯಬೇಕು, ಇಲ್ಲವೇ ಸೀಲರಿನೊಳಗೆ ಬಂಧಿಸಬೇಕು. ಟ್ಯಾಗಿಗೆ ಅರಗಿನ ಪಾಲಿಶ್ ಸಾಕು. ಗುಂಡಿಗೆ ಆಗದು, ಸೋಪಿನ ಕ್ಷಾರಕ್ಕೆ ಅರಗು ಕರಗಿಬಿಡುತ್ತದೆ. ಒಗೆತಕ್ಕೆ ಹೋಗುವ ಯಾವ ಮರಕ್ಕೂ ಪಿಯು (ಪಾಲಿಯುರಿಥೇನ್) ಕೋಟಿಂಗ್ ಕೊಡುತ್ತೇನೆ. ಒದ್ದೆ ಬಟ್ಟೆಯ ಪರೀಕ್ಷೆಯಲ್ಲಿ ಬೀಳುವುದು ಹೆಚ್ಚಾಗಿ ಅಂಚುಗಳೇ.

ರೇಟಿನ ಮಾತೂ ಇದೆ. ಗಿರಾಕಿ ಕೇಳುವುದು ಲೇಸರ್ ನಿಮಿಷಕ್ಕೆ ಎಷ್ಟು ಎಂದು. ಮೆಷಿನ್ ಓಡಿದ್ದಕ್ಕಿಂತ ಹೆಚ್ಚು ಹೊತ್ತು ಮೇಜಿನ ಸುತ್ತ ಕೂತ ಹೆಂಗಸರ ಕೈ ಓಡಿರುತ್ತದೆ ಎಂಬುದು ಬಿಲ್ಲಿನಲ್ಲಿ ಕಾಣುವುದಿಲ್ಲ. ಈಗ ಕೊಟೇಶನ್ನಿನಲ್ಲಿ ಕ್ಲೀನಿಂಗಿಗೆ ಬೇರೆ ಸಾಲು ಹಾಕುತ್ತೇನೆ. ಚೌಕಾಸಿ ಮಾಡುವವರು ಮೊದಲು ಹೊಡೆದುಹಾಕುವುದು ಆ ಸಾಲನ್ನೇ. ಹೊಡೆಯಲಿ, ಬೇಡವೆನ್ನುವುದಿಲ್ಲ, ಬೂದಿ ಝಾಡಿಸಿ ಮಾಲು ಕಟ್ಟಿಕೊಡುತ್ತೇನೆ, ಜೊತೆಗೆ ಉಜ್ಜಿ ತೋರಿಸಿದ ಬನಿಯನ್ ತುಂಡನ್ನು ಕೊಟೇಶನ್ನಿಗೇ ಪಿನ್ ಮಾಡಿ ಗಿರಾಕಿಯ ಸಹಿ ಹಾಕಿಸಿಕೊಳ್ಳುತ್ತೇನೆ.